ಕೂಗುವವನ ರಜೆ

ಮಾರ್ಚ್ 4, ಬೆಳಗ್ಗೆ

ಇವತ್ತೂ ಬಿಸಿನೀರು, ಜೇನು, ಬಾಯಿಗೆ ಬೀಗ. ಗಂಟಲಿನ ಡಾಕ್ಟರು ಹೇಳಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ. "ಹದಿನಾರನೇ ತಾರೀಖಿನವರೆಗೆ ಒಂದಕ್ಷರ ಆಡಬಾರದು. ಪಿಸುಮಾತೂ ಬೇಡ. ಕೂಗೋಕೆ ಯಾರೂ ಇಲ್ಲದ ಕಡೆ ಹೋಗಿ." ಇಪ್ಪತ್ತು ವರ್ಷ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದವನಿಗೆ ಈ ಮಾತು. ಟೊಮೆಟೊ ಬೆಲೆ ಕೂಗಿ ಕೂಗಿ ಗಂಟಲಲ್ಲಿ ಗಂಟು. ಮತ್ತೆ ಧ್ವನಿ ಬರುತ್ತದಾ ಅಂತ ಕೇಳಿದರೆ "ನೋಡೋಣ" ಅಂದರು. ನೋಡೋಣ ಅಂತೆ. ಬೇರೆ ಕಸುಬು ನನಗೆ ಗೊತ್ತಿಲ್ಲ.

ಹೆಂಡತಿಯ ತಮ್ಮ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ಊರೂರು ಸುತ್ತುವ ಆಸಾಮಿ. "ನನ್ ಜೊತೆ ಬನ್ನಿ ಭಾವ. ಖರ್ಚು ಕಮ್ಮಿ. ಮಾತೆಲ್ಲ ನಾನೇ ಆಡ್ತೀನಿ" ಅಂದಿದ್ದ. ಕೊಟ್ಟ ಮಾತಿಗೆ ತಪ್ಪಿಲ್ಲ. ಬಸ್ಸಿನಲ್ಲಿ, ಹಾಸ್ಟೆಲಿನ ಮೇಲಿನ ಮಂಚದಲ್ಲಿ, ದೋಣಿಯಲ್ಲಿ... ನಿಲ್ಲಿಸೇ ಇಲ್ಲ. ನಿನ್ನೆ ಈ ದ್ವೀಪ ಮುಟ್ಟಿದೆವು. ಗರಿ ಹೊದಿಸಿದ ನಾಲ್ಕಾರು ಗುಡಿಸಲು, ಅದಕ್ಕೆ ರೆಸಾರ್ಟ್ ಅಂತ ಹೆಸರು. ಎರಡು ತೆಂಗಿನ ಮರದ ನಡುವೆ ಬಲೆಯ ತೂಗುಮಂಚ. ಹತ್ತಲು ಹೋಗಿ ಮರಳಿಗೆ ಬಿದ್ದೆ. ಬೈಯಲೂ ಆಗಲಿಲ್ಲ.

ಮಾರ್ಚ್ 5, ಮಧ್ಯಾಹ್ನ

ಹೆಂಡತಿಯ ಫೋನ್. ನನ್ನ ಪರವಾಗಿ ಭಾವಮೈದನೇ ಮಾತಾಡಿದ. "ಭಾವ ನಿನ್ನ ತುಂಬಾ ನೆನೆಸ್ಕೊಳ್ತಿದಾರೆ ಕಣೇ ಅಕ್ಕ." ನಾನು ಹಾಗೇನೂ ಸನ್ನೆ ಮಾಡಿರಲಿಲ್ಲ. ಸುಳ್ಳೂ ಅಲ್ಲ. ಫೋನ್ ಕಿತ್ತುಕೊಂಡೆ.

ಅವಳೇ ದಾರಿ ಹುಡುಕಿದಳು— ಉಗುರಿನಿಂದ ಫೋನಿಗೆ ಒಂದು ಸಲ ತಟ್ಟಿದರೆ ಹೂಂ, ಎರಡು ಸಲವಾದರೆ ಉಹೂಂ. ಮೆಸೇಜ್ ಟೈಪ್ ಮಾಡುವಷ್ಟು ತಾಳ್ಮೆ ಇದ್ದಿದ್ದರೆ ಈ ಗಂಟಲಿಗೆ ಈ ಗತಿ ಬರುತ್ತಿರಲಿಲ್ಲ. ಅವಳ ಸೊಂಟನೋವು, ಸೋರುವ ನಲ್ಲಿ, ಅವಳಕ್ಕನ ಮೇಲಿನ ಹಳೇ ಮುನಿಸು, ಎಲ್ಲ ಹೇಳಿದಳು. "ನಡುವೆ ಬಾಯಿ ಹಾಕ್ದೆ ನೀವು ಕೇಳಿದ್ದು ಇದೇ ಮೊದಲು ನೋಡಿ" ಅಂದಳು. ಒಂದು ತಟ್ಟಬೇಕೋ ಎರಡೋ ತಿಳಿಯಲಿಲ್ಲ.

ಮಾರ್ಚ್ 8

ರೆಸಾರ್ಟಿನ ಒಡತಿಗೆ ನಾನು ಬೇಕೆಂದೇ ಮಾತು ಬಿಟ್ಟ ಯಾರೋ ಜ್ಞಾನಿ ಅಂತ ನಂಬಿಕೆ. ಭಾವಮೈದ ತಿದ್ದಿಲ್ಲ, ಕಳ್ಳ. ಬೆಳಗ್ಗೆ ಪರಂಗಿ ಹಣ್ಣು ಹೆಚ್ಚಿ ತಂದು ಪಕ್ಕದಲ್ಲಿ ಕೂತರು. ಈ ಜಾಗ ಮಾರಿ ಮಗಳ ಮನೆಗೆ ಹೋಗಬೇಕಾ ಬೇಡವಾ... ಹಣ್ಣು ಮುಗಿಯುವವರೆಗೂ ಹೇಳಿದರು. ತಲೆ ಆಡಿಸಿದೆ. "ಸರಿ, ನೀವು ಹೇಳಿದ ಹಾಗೇ ಮಾಡ್ತೀನಿ" ಅಂತ ಎದ್ದು ಹೋದರು. ಏನು ಹೇಳಿದೆನೋ ದೇವರೇ ಬಲ್ಲ.

ತೂಗುಮಂಚ ಹತ್ತುವ ವಿದ್ಯೆ ಕೈಹತ್ತಿದೆ. ಮೊದಲು ಕುಂಡಿ, ಆಮೇಲೆ ಕಾಲು. ಮಲಗಿದ್ದೇ ತಡ, ನಿದ್ದೆ. ಸೂರ್ಯ ಹುಟ್ಟುವ ಮೊದಲೇ ಮಂಡಿಗೆ ಓಡುತ್ತಿದ್ದವನು ನಾನೇನಾ ಅನ್ನಿಸುತ್ತದೆ.

ಮಾರ್ಚ್ 9, ಮಧ್ಯಾಹ್ನ

ಫೋನಿನಲ್ಲಿ ಅವಳು ಹೇಳಿದ್ದು— "ಒಂದು ವಿಷ್ಯ ಮುಚ್ಚಿಟ್ಟಿದ್ದೆ. ನೀವು ಹೊರಟ ಮಾರನೇ ದಿನಾನೇ ಮಂಡಿ ಸಾಹುಕಾರ್ರು ಬೇರೆಯವನನ್ನ ಕರೆಸ್ತೀನಿ ಅಂದ್ರು. ಅವ್ನು ಒಂದ್ಸಲ ಹರಾಜು ಕಟ್ಟೆ ಹತ್ತಿದ್ರೆ ನಿಮ್ ಜಾಗ ಹೋದ ಹಾಗೇ. ಅದಕ್ಕೆ ನಾನೇ ಹತ್ತಿದೆ. ದಿನಾ ನಾನೇ ಕೂಗ್ತಿದೀನಿ."

ಎರಡು ತಟ್ಟಿದೆ. ಮತ್ತೆ ಎರಡು. ಮತ್ತೆ ಎರಡು.

"ಫೋನ್ ಒಡೀಬೇಡಿ. ಸುಮ್ನೆ ಕೇಳಿ."

ಮೊದಲ ದಿನ ಎಲ್ಲ ನಕ್ಕರಂತೆ. ಆಮೇಲೆ ಒಬ್ಬೊಬ್ಬರೇ ಬೆಲೆ ಏರಿಸಿದರಂತೆ. ಅಡುಗೆಮನೆಯಲ್ಲಿ ನನ್ನ ಕೂಗನ್ನು ಅಣಕಿಸುತ್ತಾ ಅಣಕಿಸುತ್ತಾ ಕಲಿತದ್ದಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಗೊತ್ತೇ ಆಗಿಲ್ಲ.

ಫೋನ್ ಇಟ್ಟು ಬೈಯಲು ಬಾಯಿ ತೆರೆದೆ. ಭಾವಮೈದ ಅಂಗೈ ಅಡ್ಡ ಹಿಡಿದ. "ಬೇಡ ಭಾವ. ಇಷ್ಟು ದಿನ ಕಾದಿದ್ದೆಲ್ಲ ಮಣ್ಣುಪಾಲಾಗುತ್ತೆ." ಹೋಗಿ ಸಮುದ್ರದಲ್ಲಿ ಕತ್ತಿನವರೆಗೆ ಕೂತೆ.

ಮಾರ್ಚ್ 13, ಸಂಜೆ

ಮೂರು ದಿನ ಏನೂ ಬರೆಯಲಿಲ್ಲ. ಅವಳ ಫೋನೂ ಎತ್ತಲಿಲ್ಲ. ಭಾವಮೈದ ಸಹ ಮಾತು ನಿಲ್ಲಿಸಿಬಿಟ್ಟಿದ್ದ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಇವತ್ತು ಊಟದ ನಡುವೆ ತಲೆ ಎತ್ತದೆ ಹೇಳಿದ. "ಅಕ್ಕ ಕಟ್ಟೆ ಹತ್ತಿದ್ದು ನಿಮ್ ಜಾಗ ಉಳಿಸೋಕೆ ಭಾವ. ತನಗೆ ಅಂತ ಅಲ್ಲ." ಅನ್ನ ಕಲಸುತ್ತಾ, "ಈಗೀಗ ತನಗೂ ಅಂತ ಇರ್ಬೋದು."

ಕೋಪ ಅಂದುಕೊಂಡಿದ್ದೆ. ಭಯ. ನನ್ನ ಧ್ವನಿ ಬರದೆ ಹೋಗಿ ಅವಳೇ ಚೆನ್ನಾಗಿ ಕೂಗಿದರೆ ಮಂಡಿಯಲ್ಲಿ ನಾನ್ಯಾರು?

ಮಧ್ಯಾಹ್ನವೆಲ್ಲ ತಿಳಿನೀರಲ್ಲಿ ಅಂಗಾತ ತೇಲಿದೆ. ಕಿವಿ ನೀರೊಳಗೆ, ಹೊಟ್ಟೆಗೆ ಬಿಸಿಲು. ಕಾಲ ಬುಡದಲ್ಲಿ ಪಟ್ಟೆಪಟ್ಟೆ ಮೀನು. ಧ್ವನಿ ಬಾರದಿದ್ದರೂ ಮನೆ ನಡೆಯುತ್ತದೆ, ನಡೆಸುವವಳಿದ್ದಾಳೆ ಅನ್ನಿಸಿತು. ಎದೆ ಹಗುರಾಯಿತು. ಬಂದು ನಾನೇ ಫೋನ್ ಮಾಡಿದೆ. ಒಂದು ತಟ್ಟಿದೆ.

"ಗೊತ್ತಾಯ್ತು ಬಿಡಿ" ಅಂದಳು. ಮೂಗೆಳೆದ ಸದ್ದು ಕೇಳಿಸಿತು.

ಮಾರ್ಚ್ 17, ಮಧ್ಯಾಹ್ನ

ಗಡುವು ನಿನ್ನೆಗೆ ಮುಗಿದಿದೆ. ಆದರೂ ಬೆಳಗ್ಗೆಯಿಂದ ಬಾಯಿ ತೆರೆದಿರಲಿಲ್ಲ. ತೆರೆದು ಏನೂ ಬರದಿದ್ದರೆ? ಭಾವಮೈದ "ಏನಾದ್ರೂ ಒಂದು ಹೇಳಿ ಭಾವ" ಅಂತ ಹಿಂದೆಯೇ ಸುತ್ತಿ ಸುತ್ತಿ ಸೋತು ಈಜಲು ಹೋದ.

ಆಗ ಅವಳ ಫೋನ್. "ಗಂಟಲಿಗೆ ತೊಂದ್ರೆ ಕೊಡ್ಬೇಡಿ. ಇವತ್ತು ಹೇಗೆ ಕೂಗ್ದೆ ಕೇಳ್ತೀರಾ?"

ಒಂದು ತಟ್ಟಿದೆ. ಬಾಗಿಲು ಹಾಕಿಕೊಂಡ ಸದ್ದು. ಆಮೇಲೆ ಕೂಗಿದಳು. "ಹಣ್ಣು ಟೊಮೆಟೊ, ಹತ್ತು ಕ್ರೇಟ್, ಕ್ರೇಟಿಗೆ ಇನ್ನೂರ ನಲವತ್ತು... ಒಂದು ಸಾರಿ... ಎರಡು ಸಾರಿ..."

ಅಲ್ಲಿ ನಿಲ್ಲಿಸಿದಳು. ನಾನು ಯಾವತ್ತೂ ಅಷ್ಟು ಹೊತ್ತು ನಿಲ್ಲಿಸಿದವನಲ್ಲ. ಮಾಲು ಕೈತಪ್ಪಿತು ಅನ್ನಿಸಿತು.

"ಐವತ್ತು" ಅಂದೆ.

ನನ್ನದೇ ಬಾಯಿಂದ. ಸಣ್ಣ ದನಿ, ಒರಟು, ಆದರೆ ಒಡೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಕಟ್ಟೆಯ ಕೆಳಗಿನಿಂದ ಕೂಗಿದ್ದೆ.

ಆ ಕಡೆಯಿಂದ ಅವಳ ದನಿ ನಡುಗುತ್ತಾ ಬಂತು— "ಇನ್ನೂರೈವತ್ತು... ಹಿಂದುಗಡೆ ನಿಂತಿರೋರದ್ದು... ಒಂದು ಸಾರಿ..."

ಅಷ್ಟಕ್ಕೇ ಸಿಗ್ನಲ್ ಹೋಯಿತು. ದ್ವೀಪದ ಫೋನಿನ ಹಣೆಬರಹ. ಕಣ್ಣು ಒರೆಸಿಕೊಂಡು ಇದನ್ನು ಬರೆಯುತ್ತಾ ಕೂತಿದ್ದೇನೆ. ನನ್ನ ಐವತ್ತರ ಮೇಲೆ ನಾನೇ ಅರವತ್ತು ಕೂಗಬೇಕಾದರೂ ಸರಿ, ಅಷ್ಟು ಬೇಗ ಅವಳನ್ನು ಕಟ್ಟೆ ಇಳಿಯಲು ಬಿಡುವುದಿಲ್ಲ. ಬಂತು ಫೋನ್. ಅರವ—