ಕೊಳವೆಯೊಳಗಿನ ಮೊಟ್ಟೆಗಳು

ಮುಲ್ಲರೂ ಸರೋವರ, ನ್ಯೂ ಸೌತ್ ವೇಲ್ಸ್
ನವೆಂಬರ್ ೧೪

ನನ್ನ ರೆಗ್,

ಹೇಗಿದ್ದೀಯ? ಕಾಲಿನ ಗಾಯ ಮಾಗುತ್ತಿದೆಯೇ? ಅಡಿಲೇಡಿನ ಆಸ್ಪತ್ರೆಯ ಊಟ ಗಂಟಲಲ್ಲಿ ಇಳಿಯುತ್ತಿದೆಯೇ? ನರ್ಸುಗಳ ಮೇಲೆ ರೇಗಬೇಡ. ನಿನ್ನನ್ನು ಸಹಿಸುವ ಅಭ್ಯಾಸ ನಿನ್ನ ಹೆಂಡತಿಗಿದೆ, ಪಾಪ, ಅವರಿಗಿಲ್ಲ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಕೂತೆ, ಕೈ ಏಳುತ್ತಿಲ್ಲ.

ಸರೋವರದ ನೀರು ಇಳಿಸುತ್ತಿದ್ದಾರೆ. ಅಣೆಕಟ್ಟಿನ ಗೇಟು ಬಿರುಕು ಬಿಟ್ಟಿದೆಯಂತೆ. ಸೋಮವಾರ ಎದ್ದು ನೋಡಿದರೆ ದಡವೇ ದೂರ ಸರಿದಿತ್ತು. ನೀನೂ ನೆರೆಮನೆಯ ಬರ್ಟಿಯೂ ಮುಳುಗಿಸಿದ ಸಿಮೆಂಟ್ ಕೊಳವೆಗಳಲ್ಲಿ ಮರ್ರಿ ಕಾಡ್ ಮೀನು ಮೊಟ್ಟೆಯಿಟ್ಟಿದ್ದು ಈ ವರ್ಷವೇ ಮೊದಲು, ಈ ವರ್ಷವೇ ಹೀಗಾಗಬೇಕೆ? “ನೀರೊಳಗಿನ ಪೊಟರೆ ಮರನೆಲ್ಲ ಕಿತ್ತ್ ಹಾಕಿದ್ರಲ್ಲ, ಆ ಜೀವ ಎಲ್ಲಿ ಮೊಟ್ಟೆ ಇಡ್ಬೇಕು?” ಎಂದು ನೀನು ಊರೆಲ್ಲ ಜಗಳವಾಡಿದ್ದೆ. “ಚರಂಡಿ ಪೈಪಲ್ಲಿ ಯಾವ್ ಮೀನು ಸಂಸಾರ ಮಾಡುತ್ತೋ!” ಎಂದು ನಕ್ಕಿದ್ದ ಹೋಟೆಲಿನ ಕೋರಲ್ ನಿನ್ನೆ ಕೊಳವೆ ಸಾಗಿಸಲು ನಮ್ಮ ಜೊತೆ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು.

ಅದಕ್ಕೂ ಮೊದಲು ಅಣೆಕಟ್ಟಿನ ಕಚೇರಿಗೆ ಹೋಗಿ ಗೋಗರೆದೆ, ಮರಿ ಹೊರಬೀಳುವವರೆಗೆ ತಡೆಯಿರಿ ಎಂದು. “ಅಮ್ಮಾ, ಗೇಟು ಒಡದ್ರೆ ಕೆಳಗಿನ ಊರು ಕೊಚ್ಕೊಂಡ್ ಹೋಗುತ್ತೆ. ಮೀನಿಗೋಸ್ಕರ ಸುಮ್ನಿರ್ಲಾ?” ಎಂದ ಅಲ್ಲಿದ್ದವ. ಅವನ ಮೇಲೆ ಸಿಟ್ಟಾದರೂ ಬರಬಾರದಿತ್ತೇ, ಅದೂ ಬರಲಿಲ್ಲ.

ನಾನು ಹಿಂತಿರುಗುವಷ್ಟರಲ್ಲಿ ಮೂರು ಕೊಳವೆ ಬಿಸಿಲಿಗೆ ಬಿದ್ದಿದ್ದವು. ಒಳಗೆ ಅಂಟಿದ್ದ ಮೊಟ್ಟೆಗಳು ಹಸಿ ಸಬ್ಬಕ್ಕಿಯಂತೆ ಬೆಳ್ಳಗಾಗಿ ಸತ್ತಿದ್ದವು. ಪೆಲಿಕನ್ ಹಕ್ಕಿಗಳು ಮದುವೆಯೂಟಕ್ಕೆ ಕಾದವರ ಹಾಗೆ ಸಾಲಾಗಿ ನಿಂತಿದ್ದವು. ಉಳಿದದ್ದು ಒಂದೇ ಕೊಳವೆ. ಒಳಗೆ ಗಂಡು ಮೀನು, ಬೆನ್ನು ನೀರಿನಿಂದ ಹೊರಗೆ ಬಂದರೂ ಬಾಲ ಬೀಸುತ್ತ ಮೊಟ್ಟೆ ಕಾಯುತ್ತಿತ್ತು. ಹಗ್ಗ ಕಟ್ಟಿ ದೋಣಿಯಿಂದ ಎಳೆದೆವು, ಹಿಂದಿನಿಂದ ನೂಕಿದೆವು. ಅದು ಬರ್ಟಿಯ ಕೈ ಕಚ್ಚಿತು. “ಬಿಡೋ ಮಾರಾಯ, ನಿನ್ ಮಕ್ಳನ್ನೇ ಸಾಗಿಸ್ತಿರೋದು!” ಎಂದು ಕೂಗಿಕೊಂಡ. ಆಮೇಲೆ ಅದು ಚಿಮ್ಮಿ ಹೊರಟೇಹೋಯಿತು. ಕೊಳವೆಯನ್ನು ಸರೋವರದ ನಡುವೆ ಹಿಂದೆ ಹೊಳೆ ಹರಿಯುತ್ತಿದ್ದ ಆಳಕ್ಕೆ ಮುಟ್ಟಿಸಿದೆವು. ಈ ಬೆಳಿಗ್ಗೆ ಬರ್ಟಿ ಮುಳುಗಿ ನೋಡಿ ಬಂದ. ಮೊಟ್ಟೆ ಅರ್ಧ ಬಿಳಿ, ಅರ್ಧ ಇನ್ನೂ ತಿಳಿಯಾಗಿ ಜೀವಂತವಾಗಿವೆಯಂತೆ. ತಂದೆ ಮೀನು ಬಂದಿಲ್ಲ. ಅದು ಬಂದು ನೀರಾಡಿಸದಿದ್ದರೆ ಅವಕ್ಕೂ ಬೂಸ್ಟು ಹಿಡಿಯುತ್ತದೆ. ನಾಳೆ ಮತ್ತೆ ಮುಳುಗುತ್ತೇನೆ ಎಂದಿದ್ದಾನೆ. ಇನ್ನೇನು ಮಾಡಬೇಕೋ ನನಗೆ ತೋಚುತ್ತಿಲ್ಲ ರೆಗ್.

ದೇವರು ನಿನ್ನನ್ನು ಕಾಯಲಿ. ಬರ್ಟಿ, ಕೋರಲ್ ನಿನ್ನನ್ನು ಕೇಳಿದರು.

ನಿನ್ನವಳೇ,
ಮ್ಯಾವಿಸ್

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು: ಡಾಕ್ಟರು ಫೋನ್ ಮಾಡಿದ್ದರು. ಕಾಲು ತೆಗೆಯದಿದ್ದರೆ ನಂಜು ಮೈಗೇರುತ್ತದಂತೆ, ನೀನು ಒಪ್ಪುತ್ತಿಲ್ಲವಂತೆ. ನನಗೆ ಒಂದು ಮಾತೂ ಹೇಳಲಿಲ್ಲವಲ್ಲೋ! ಮೊಟ್ಟೆಗಳನ್ನು ಬರ್ಟಿಗೆ ಬಿಟ್ಟಿದ್ದೇನೆ. ಕೋರಲ್ ಕಾರು ಚಾಲೂ ಮಾಡಿದ್ದಾಳೆ, ಹೊರಟೆ. ಈ ಕಾಗದ ನಾನೇ ನಿನ್ನ ಕೈಗಿಡುತ್ತೇನೆ, ಎದುರಿಗೆ ಮಾತಾಡಲು ಹೋದರೆ ಅತ್ತುಬಿಡುತ್ತೇನೆ. ಓದುವಾಗ ಪಕ್ಕದಲ್ಲೇ ನಿಂತಿರುತ್ತೇನೆ. ಓದಿದೆಯಲ್ಲ, ಈಗ ತಲೆಯೆತ್ತಿ ನನ್ನನ್ನು ನೋಡಿ ಹೂಂ ಅನ್ನು.