ಕಚೇರಿಗಳು ಮಾತು ಬಿಟ್ಟಿದ್ದ ಕಾಲ

ನನ್ನ ಅಕ್ಕನಿಗೆ,

ಲಕೋಟೆಯ ಮೇಲಿನ ಬರಹ ನೋಡಿದ ಕೂಡಲೇ ನಿನಗೆ ಗುರುತು ಸಿಕ್ಕಿರುತ್ತದೆ. ನನ್ನ ಕೋಳಿಕಾಲಿನ ಅಕ್ಷರಕ್ಕೆ ನೀನು ಬೈದಷ್ಟು ಬೇರೆ ಯಾರೂ ಬೈದಿಲ್ಲ. ಮೊದಲು ಬಾಗಿಲು ಹಾಕಿಕೊಂಡು ಬಾ. ಹೆದರಬೇಡ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ, ಆ ಮಾತು ಬರೆಯಲು ಕೈ ಬರಲಿಲ್ಲ. ನಾನೇ ಹೆದರಿದ್ದೇನೆ. ನಿನ್ನ ಗಂಡ ಇನ್ನೂ ಇಲ್ಲೇ ಇದ್ದಾನೆ, ತನ್ನ ಬೀಗ ರಿಪೇರಿ ಅಂಗಡಿಯಲ್ಲಿ. ಇದನ್ನು ಬರೆಯುವ ಹೊತ್ತಿಗೆ ಅವನಿಗೆ ನಿನ್ನ ವಿಳಾಸ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಆದರೆ ನನಗೆ ಗೊತ್ತಾಗಿದೆ, ಮುಂದಿನ ತಿಂಗಳು ಅವನಿಗೂ ಗೊತ್ತಾಗುತ್ತದೆ. ಅದು ಹೇಗೆಂದು ಹೇಳುತ್ತೇನೆ, ಪೂರ್ತಿ ಓದು.

ನೀನು ಮನೆ ಬಿಟ್ಟ ಮೇಲೆ ನನಗೆ ಸರ್ಕಾರಿ ಕೆಲಸ ಸಿಕ್ಕಿತು. ಏನು ಕೆಲಸವೆಂದರೆ, ಬೇರೆ ಬೇರೆ ಕಚೇರಿಗಳ ಕಂಪ್ಯೂಟರುಗಳು ಒಂದರ ಜೊತೆ ಒಂದು ಮಾತಾಡುವಂತೆ ಮಾಡುವುದು. ಅಪ್ಪ ಹೋದಾಗ ಅಮ್ಮನ ಪಿಂಚಣಿಗೆ ನಾವಿಬ್ಬರೂ ಅಲೆದದ್ದು ನೆನಪಿದೆಯಲ್ಲ? ಮರಣಪತ್ರ ಕೊಟ್ಟವರು ಮೇಲಿನ ಮಹಡಿ, ಪಿಂಚಣಿಯವರು ಕೆಳಗಿನ ಮಹಡಿ. ಮೇಲಿನವರಿಗೆ ಅಪ್ಪ ಸತ್ತಿದ್ದರು, ಕೆಳಗಿನವರಿಗೆ ಇನ್ನೂ ಬದುಕಿದ್ದರು. "ಅವರೇ ಬಂದು ಸಹಿ ಹಾಕ್ಬೇಕಮ್ಮ" ಎಂದ ಗುಮಾಸ್ತನಿಗೆ ನೀನು, "ಹೇಳಿ ಕಳಿಸ್ತೀವಿ ಸಾರ್, ನಿಮ್ಮ ಮನೆಗೇ ಬಂದು ಹಾಕ್ತಾರೆ" ಎಂದಿದ್ದೆ. ಅವನ ಮುಖ ಬಿಳುಚಿಕೊಂಡಿತ್ತು. ಮೆಟ್ಟಿಲ ಮೇಲೆ ಕೂತು ನಾವು ನಕ್ಕೆವು, ಆಮೇಲೆ ಅತ್ತೆವು. ಇನ್ನು ಯಾರೂ ಹಾಗೆ ಅಲೆಯಬಾರದು ಎಂದು ನಾನು ಈ ಕೆಲಸಕ್ಕೆ ಮನಸ್ಸಿಟ್ಟು ಸೇರಿದೆ. ಈಗಲೂ ಅದು ಕೆಟ್ಟ ಕೆಲಸ ಎಂದು ಹೇಳಲಾರೆ.

ಸುಲಭವಾಗಿರಲಿಲ್ಲ. ಕಚೇರಿಗಳೆಂದರೆ ಆಸ್ತಿ ಪಾಲಾದ ಅಣ್ಣತಮ್ಮಂದಿರಿದ್ದಂತೆ, ಒಬ್ಬರ ಮುಖ ಒಬ್ಬರಿಗೆ ಆಗದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಪಡಿತರದವರು ಕೊಟ್ಟರೆ ಶಾಲೆಯವರು ಕೊಡರು, ಇಬ್ಬರೂ ಕೊಟ್ಟರೆ ಆರೋಗ್ಯದವರು ಕೊಡರು. ಆರೋಗ್ಯ ಇಲಾಖೆಯ ಮಾಹಿತಿ ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ನಾವು ಅವರಿಗೆ ಇಟ್ಟ ಹೆಸರು ಗೋಡೆ. ಏನು ಕೇಳಿದರೂ ಅವರದು ಒಂದೇ ಪ್ರಶ್ನೆ: "ಇದನ್ನ ಯಾರು ನೋಡ್ತಾರೆ?" ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಊಟದ ಹೊತ್ತಿನಲ್ಲಿ ಅವರನ್ನು ಆಡಿಕೊಂಡವರಲ್ಲಿ ನಾನೇ ಮೊದಲಿಗಳು. ಕೊನೆಗೆ ಮೇಲಿನವರ ಆದೇಶ ಬಂತು, ಗೋಡೆಯೂ ಬಗ್ಗಿತು. ಮುಂದಿನ ತಿಂಗಳ ಮೊದಲ ದಿನದಿಂದ ಎಲ್ಲರ ಮನೆಯ ಎಲ್ಲ ದಾಖಲೆಯೂ ಒಂದೇ ಕಡೆ ಕಾಣುತ್ತದೆ. ಕುಟುಂಬದ ಮುಖ್ಯಸ್ಥ ತನ್ನ ಫೋನಿನಲ್ಲಿ ತೆರೆದರೆ ಸಾಕು, ಮನೆಯವರೆಲ್ಲರ ಪಡಿತರ, ಶಾಲೆ, ಆಸ್ಪತ್ರೆ, ವಿಳಾಸ ಸಾಲಾಗಿ ಬಂದು ನಿಲ್ಲುತ್ತವೆ.

ನಮ್ಮ ತಂಡದಲ್ಲೊಂದು ರೂಢಿಯಿದೆ. ಹೊಸದೇನು ಮಾಡಿದರೂ ಮೊದಲು ಸ್ವಂತ ಮನೆಯ ದಾಖಲೆ ಹಾಕಿ ಪರೀಕ್ಷಿಸುವುದು. ಪರರ ಮನೆಯಲ್ಲಿ ತಪ್ಪಾದರೆ ತಿಳಿಯುವುದಿಲ್ಲ, ನಮ್ಮ ಮನೆಯದಾದರೆ ನೋಡಿದ ಕೂಡಲೇ ಗೊತ್ತಾಗುತ್ತದೆ ಎಂಬ ಲೆಕ್ಕ. ಒಬ್ಬನಿಗೆ ಸತ್ತುಹೋದ ಮಾವ ಶಾಲೆಗೆ ಸೇರಿರುವಂತೆ ಬಂತು, ಇಡೀ ಕೋಣೆ ನಕ್ಕಿತು. ಆ ನಗು ಮುಗಿಯುವ ಮೊದಲೇ ನಾನು ಅಮ್ಮನ ಸಂಖ್ಯೆ ಒತ್ತಿದೆ. ಅಮ್ಮ ಬಂದಳು. ಅವಳ ಕೆಳಗೆ ನಾನು, ನನ್ನ ಪಕ್ಕದಲ್ಲಿ ನೀನು. ನಿನ್ನ ಹೆಸರು ಒತ್ತಿದೆ. ಅವನ ಮನೆ ತೆರೆಯಿತು. ಅವನ ಕೆಳಗೆ ಮಗು, ಮಗುವಿನ ಎದುರಿಗೆ ಒಂದು ಊರು, ಒಂದು ಬೀದಿ, ಇಸ್ತ್ರಿ ಅಂಗಡಿಯ ಮೇಲಿನ ಮನೆ.

ಅಕ್ಕ, ನನಗೆ ಮೊದಲು ಬಂದದ್ದು ಸಂತೋಷವೇ, ಸುಳ್ಳು ಹೇಳುವುದಿಲ್ಲ. ಬದುಕಿದ್ದೀಯಾ ಎಂಬುದೇ ಗೊತ್ತಿಲ್ಲದೆ ಇಷ್ಟು ವರ್ಷ ಕಳೆದಿದ್ದೆವು. ನೀನು ಎತ್ತಿಕೊಂಡು ಹೋದ ಆ ಹಸುಗೂಸು ಈಗ ಕನ್ನಡಕ ಹಾಕುತ್ತಾಳಂತೆ. ಒಂದು ಹಲ್ಲು ಕೀಳಿಸಿದ್ದೀಯೆ. ವಯಸ್ಸಿಗೆ ತಕ್ಕ ಎತ್ತರವಿದೆ, ತೂಕ ಸ್ವಲ್ಪ ಕಡಿಮೆ. ಕಣ್ಣು ಮಂಜಾಗಿ ಪರದೆ ಕಾಣದಾಯಿತು. ಪಕ್ಕದವಳು, "ಏನಾಯ್ತೇ, ತಪ್ಪು ಬಂತಾ?" ಎಂದಳು. "ಇಲ್ಲ, ಎಲ್ಲಾ ಸರಿಯಾಗಿದೆ" ಎಂದೆ. ಹಾಗೆನ್ನುವಾಗಲೇ ಹೊಳೆಯಿತು. ನನಗೆ ಕಂಡದ್ದೆಲ್ಲ ಅವನಿಗೂ ಕಾಣುತ್ತದೆ. ಆ ಮನೆಯ ಮುಖ್ಯಸ್ಥ ಎಂದು ಇವತ್ತಿಗೂ ಇರುವುದು ಅವನ ಹೆಸರೇ.

ನೀನು ಎಲ್ಲ ಎಚ್ಚರಿಕೆಯನ್ನೂ ತೆಗೆದುಕೊಂಡಿದ್ದೆ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ನಿನ್ನ ಹೆಸರು ಬೇರೆ, ಬಾಡಿಗೆ ಮನೆಯಲ್ಲಿ ಬೇರೆ. ಆದರೆ ಶಾಲೆಗೆ ಸೇರಿಸುವಾಗ ಮಗುವಿನ ಜನನಪತ್ರ ಕೊಡಲೇಬೇಕಾಯಿತು ತಾನೇ? ಆ ಸಂಖ್ಯೆಯನ್ನು ಹಿಡಿದು ಶಾಲೆಯ ದಾಖಲೆ ಅವಳು ಹುಟ್ಟಿದ ಆಸ್ಪತ್ರೆಯ ದಾಖಲೆಯ ಕೈ ಹಿಡಿಯಿತು, ಆಸ್ಪತ್ರೆಯದು ಅವಳ ಅಪ್ಪನ ಮನೆಯ ಬಾಗಿಲು ತಟ್ಟಿತು. ಇಷ್ಟು ದಿನ ನಿನ್ನನ್ನು ಕಾಪಾಡಿದ್ದು ಕಚೇರಿಗಳ ಜಗಳ. ಅವುಗಳನ್ನು ರಾಜಿ ಮಾಡಿಸಿದವರಲ್ಲಿ ನಿನ್ನ ತಂಗಿಯೂ ಒಬ್ಬಳು.

ಅವನು ಬದಲಾಗಿರಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡ. ಬೀದಿಯವರಿಗೆ ಈಗಲೂ ಅವನು ಚಿನ್ನದಂಥ ಮನುಷ್ಯ. ಕೀಲಿ ಕಳೆದುಕೊಂಡವರು ಎಷ್ಟು ಹೊತ್ತಿಗೆ ಕರೆದರೂ ಹೋಗುತ್ತಾನೆ, ಮುದುಕಿಯರಿಂದ ಕೂಲಿ ತೆಗೆದುಕೊಳ್ಳುವುದಿಲ್ಲ. ನಿನ್ನ ಭುಜದ ಮೂಳೆ ಮುರಿದ ದಿನ ಆಸ್ಪತ್ರೆಯಲ್ಲಿ ನಿನಗೆ ನೀರು ಕುಡಿಸುತ್ತಾ, "ಮೆಟ್ಟಿಲು ಒದ್ದೆಯಾಗಿತ್ತು ಡಾಕ್ಟ್ರೇ, ಎಷ್ಟು ಹೇಳಿದ್ರೂ ಕೇಳಲ್ಲ" ಎಂದವನು ಅವನೇ. ನೀನು ಒಳಗಿನಿಂದ ಚಿಲಕ ಹಾಕಿ ಕೂತ ರಾತ್ರಿ, ಅವಸರವಿಲ್ಲದೆ ತಿರುಪು ಬಿಚ್ಚಿ ಬಾಗಿಲನ್ನೇ ಗೋಡೆಗೆ ಒರಗಿಸಿಟ್ಟಿದ್ದನಂತೆ. ಅದನ್ನು ನೀನು ನನಗೊಬ್ಬಳಿಗೇ ಹೇಳಿದ್ದೆ.

ಈಗಲೂ ಆಗಾಗ ಮನೆಗೆ ಬರುತ್ತಾನೆ. ಚಪ್ಪಲಿಯನ್ನು ಜೋಡಿಯಾಗಿ ಬಿಟ್ಟು, ಅಮ್ಮನ ಎದುರು ಕೂತು, "ಏನಾದ್ರೂ ಸುದ್ದಿ ಬಂತಾ ಅತ್ತೆ?" ಎಂದು ಕೇಳುತ್ತಾನೆ. ಮೊನ್ನೆ ಹೊಸ ಫೋನು ತಂದಿದ್ದ. ನಾನು ಒಳಗೆ ಹೋಗುವಷ್ಟರಲ್ಲಿ ಕರೆದ. "ಪುಟ್ಟೀ, ನಿಮ್ಮ ಆಫೀಸಿಂದು ಹೊಸದೇನೋ ಬರ್ತಿದ್ಯಂತಲ್ಲ, ಯಾವಾಗಿಂದ? ಮನೆ ನನ್ನ ಹೆಸರಲ್ಲೇ ಇದೆ, ನಂಗೆ ಕಾಣುತ್ತೆ ತಾನೇ?" ಪುಟ್ಟಿ ಎಂದು ನೀನಲ್ಲದೆ ಇನ್ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. "ಗೊತ್ತಿಲ್ಲ ಭಾವ, ಅದು ಬೇರೆ ವಿಭಾಗ" ಎಂದೆ. ನಕ್ಕ. ಆ ನಗು ನಿನಗೆ ಗೊತ್ತು.

ಸುಮ್ಮನೆ ಕೂತಿಲ್ಲ ಅಕ್ಕ. ಮಗುವಿನ ಕೊಂಡಿಯನ್ನು ನಾನೇ ಕಿತ್ತು ನೋಡಿದೆ. ಬೆಳಗ್ಗೆ ಬಂದು ನೋಡಿದರೆ ಯಂತ್ರ ಅದನ್ನು ಮತ್ತೆ ಜೋಡಿಸಿತ್ತು. ಜೋಡಿಸುವ ಆ ಬುದ್ಧಿಯನ್ನು ಕಲಿಸಿದವರು ನಾವೇ. ಮೇಲಧಿಕಾರಿಯ ಹತ್ತಿರ ಹೋದೆ, ಯಾರ ಮನೆಯೆಂದು ಹೇಳದೆ ವಿಷಯವನ್ನಷ್ಟೇ ಹೇಳಿದೆ. ಕೆಟ್ಟ ಹೆಂಗಸಲ್ಲ, ಕೆಲಸದಲ್ಲಿ ಮುಳುಗಿಹೋಗಿದ್ದಾರೆ. "ಗಂಡ ಹೆಂಡ್ತಿ ಜಗಳ ನಮ್ಮ ವಿಭಾಗಕ್ಕೆ ಬರಲ್ಲಮ್ಮ. ಬೇರೆ ಕುಟುಂಬ ಅಂತ ಮಾಡ್ಕೊಳ್ಳೋಕೆ ಅರ್ಜಿ ಇದೆಯಲ್ಲ, ಹಾಕ್ಲಿ" ಎಂದರು. ಹೌದು, ಅರ್ಜಿಯಿದೆ. ಅರ್ಜಿ ಹಾಕಿದ ಕೂಡಲೇ ಆಕ್ಷೇಪಣೆ ಇದೆಯೇ ಎಂದು ಮುಖ್ಯಸ್ಥನಿಗೆ ಸಂದೇಶ ಹೋಗುತ್ತದೆ, ಅರ್ಜಿದಾರಳ ಈಗಿನ ವಿಳಾಸದ ಸಮೇತ. ಅದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಆಮೇಲೆ, "ಮುಂದಿನ ಸಲ ತಿದ್ದೋಣ, ಈಗ ದಿನಾಂಕ ಘೋಷಣೆ ಆಗಿಬಿಟ್ಟಿದೆ" ಎಂದು ಮತ್ತೆ ಪೆನ್ನು ಎತ್ತಿಕೊಂಡರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಎದುರಿಗೆ ಕೂತು ನೋಡಿದೆ.

ದಿಕ್ಕು ತೋಚದೆ ಗೋಡೆಯವರ ಹತ್ತಿರವೇ ಹೋದೆ. ಅವರ ಕೋಣೆಯಲ್ಲಿ ಫ್ಯಾನು ಒಂದು ಕಡೆ ಬಾಗಿ ತಿರುಗುತ್ತಿರುತ್ತದೆ, ಅದರ ಕೆಳಗೆ ಯಾರೂ ಕೂರುವುದಿಲ್ಲ. ನಾನು ಅಲ್ಲೇ ಕೂತು ಅತ್ತೆ. ಏನೂ ಹೇಳುವ ಮೊದಲೇ ಅವರು, "ಯಾರು ನೋಡ್ಬಾರ್ದು?" ಎಂದು ಕೇಳಿದರು. ಒಂದು ವರ್ಷ ಅದೇ ಮಾತಿಗೆ ಅವರನ್ನು ಗೇಲಿ ಮಾಡಿದ್ದೆ. ಹೇಳಿದೆ. "ನಿಮ್ಮ ಜಿಲ್ಲೆಯ ಮಾಹಿತಿ ಕೆಟ್ಟಿದೆ, ಸರಿಮಾಡ್ಬೇಕು ಅಂತ ತಡೆಹಿಡೀತೀನಿ. ಒಂದೆರಡು ವಾರ. ಬೈಸ್ಕೊಳ್ಳೋದು ನಂಗೇನು ಹೊಸದಾ?" ಎಂದರು. ಅದಕ್ಕಿಂತ ಹೆಚ್ಚು ತಡೆದರೆ ಅವರನ್ನೇ ಎತ್ತಂಗಡಿ ಮಾಡಿ ಬೇರೆಯವರನ್ನು ಕೂರಿಸುತ್ತಾರೆ. ಆ ಒಂದೆರಡು ವಾರವೇ ನನ್ನ ಕೈಲಿ ನಿನಗಾಗಿ ಇರುವುದು.

ಹೊರಡು ಅಕ್ಕ. ಹೋದ ಕಡೆ ಮಗುವನ್ನು ಹಳೆಯ ಜನನಪತ್ರ ತೋರಿಸಿ ಎಲ್ಲಿಗೂ ಸೇರಿಸಬೇಡ, ಒಂದು ಲಸಿಕೆಗೂ ಆ ಸಂಖ್ಯೆ ಕೊಡಬೇಡ. ಮೊದಲು ಹೆಂಗಸರ ಕೇಸು ನೋಡುವ ವಕೀಲರನ್ನು ಹುಡುಕು. ನ್ಯಾಯಾಲಯದ ಆದೇಶವಿದ್ದರೆ ಮಾತ್ರ ಮುಖ್ಯಸ್ಥನ ಕಣ್ಣಿಗೆ ದಾಖಲೆ ಮುಚ್ಚುತ್ತದೆ, ಅದೊಂದು ಬಾಗಿಲನ್ನು ನಿಯಮದಲ್ಲಿ ಬಿಟ್ಟಿದ್ದಾರೆ. ಕೆಲಸ ಬಿಡುವುದು, ಮನೆ ಬಿಡುವುದು, ಕನ್ನಡಕದ ಹುಡುಗಿಯನ್ನು ಅವಳ ಗೆಳತಿಯರಿಂದ ಬಿಡಿಸುವುದು ಎಷ್ಟು ಕಷ್ಟವೆಂದು ಗೊತ್ತು. ಹಾಗಿದ್ದೂ ಹೊರಡು.

ನಾನೇ ಬಂದು ಕರೆದೊಯ್ಯಬೇಕೆಂದು ಜೀವ ಎಳೆಯುತ್ತದೆ. ಆದರೆ ನಾನು ರಜೆ ಹಾಕಿದರೆ ಅವನಿಗೆ ತಿಳಿಯುತ್ತದೆ, ನಾನು ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಅವನೂ ಕೂತಿರಬಹುದು. ಅಮ್ಮನಿಗೆ ಹೇಳಿಲ್ಲ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ನಿನ್ನ ಸುದ್ದಿ ಕೇಳಿದರೆ ಸಂತೋಷಕ್ಕೆ ಬೀದಿಗೆಲ್ಲ ಹಂಚಿಬಿಡುತ್ತಾಳೆ. ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಮೊಮ್ಮಗಳ ಎತ್ತರ ಎಷ್ಟೆಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಇದನ್ನು ನುಂಗಲೂ ಆಗದೆ ಉಗುಳಲೂ ಆಗದೆ ದಿನ ದೂಡುತ್ತಿದ್ದೇನೆ.

ಈ ಕಾಗದ ನಿನಗೆ ಸೇರದೇ ಇರಲಿ ಎಂದು ಅರ್ಧ ಮನಸ್ಸು ಬೇಡಿಕೊಳ್ಳುತ್ತಿದೆ. ಸೇರದಿದ್ದರೆ ನೀನು ಆಗಲೇ ಆ ಮನೆ ಬಿಟ್ಟಿದ್ದೀಯೆ, ಯಂತ್ರಕ್ಕೆ ಗೊತ್ತಿರುವುದು ಹಳೆಯ ಸುದ್ದಿ. ನೀನು ಇದನ್ನು ಓದುತ್ತಿದ್ದೀಯೆ ಎಂದರೆ ವಿಳಾಸ ಸರಿಯಾಗಿದೆ, ನನ್ನನ್ನು ತಲುಪಿಸಿದ ಅದೇ ದಾರಿ ಅವನನ್ನೂ ತಲುಪಿಸುತ್ತದೆ. ಓದಿ ಮುಗಿಸಿ ಇದನ್ನು ಸುಟ್ಟುಬಿಡು. ಎಲ್ಲಿಗೆ ಹೋದೆ ಎಂದು ನನಗೂ ಬರೆಯಬೇಡ. ನನಗೆ ಗೊತ್ತಿದ್ದರೆ ಅವನು ಅಮ್ಮನ ಎದುರು ಕೂತು ಸುದ್ದಿ ಕೇಳುವಾಗ ನನ್ನ ಮುಖವೇ ಹೇಳಿಬಿಡುತ್ತದೆ. ಇಷ್ಟು ವರ್ಷಕ್ಕೆ ಸಿಕ್ಕ ನಿನ್ನನ್ನು ನಾನೇ ದೂರ ಕಳಿಸುತ್ತಿದ್ದೇನೆ, ಅಕ್ಕ. ತಡಮಾಡಬೇಡ.

ಎಲ್ಲಿದ್ದರೂ ತಾಯಿ ಮಗಳು ತಣ್ಣಗಿರಿ. ನಿಮ್ಮ ಬಾಗಿಲು ತಟ್ಟುವವರೆಲ್ಲ ನಿಮ್ಮ ಒಳ್ಳೆಯದಕ್ಕೇ ಬಂದವರಾಗಿರಲಿ.

ನೀನೆಲ್ಲಿದ್ದೀಯೆಂದು ಇನ್ನು ಮುಂದೆ ತಿಳಿಯಬಾರದ,
ನಿನ್ನ ಪುಟ್ಟಿ