ಒಣ ಸಿಗಡಿಯ ನೆಟ್ ತೂಕ

ನವೆಂಬರ್ ೧೮, ಮಂಗಳವಾರ

ಕವರು ಬಿಟ್ಟು ಒಳಗಿನ ಮಾಲಿನದಷ್ಟೇ ತೂಕವನ್ನು ಇಂಗ್ಲಿಷಿನವರು 'ನೆಟ್' ಎಂದು ಏಕೆ ಕರೆದರು? ಸಂಜೆಯಿಂದ ಇದೇ ತಲೆಯಲ್ಲಿ ತಿರುಗುತ್ತಿದೆ.

ದುಬೈಯ ಅಲ್ ನಹ್ದಾದಲ್ಲಿ ನಮ್ಮ ಕಟ್ಟಡದ ಕೆಳಗಿರುವ ಜಲೀಲನ ಅಂಗಡಿಗೆ ಇಂದು ತಪಾಸಣೆಯವರು ಬಂದಿದ್ದರು. ಒಣ ಸಿಗಡಿಯ ಪ್ಯಾಕೆಟ್ ಒಡೆದು ತೂಗಿದರೆ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಕಡಿಮೆ. ಎಲ್ಲವನ್ನೂ ಕಪಾಟಿನಿಂದ ಇಳಿಸಿಬಿಟ್ಟರು. ಪ್ಯಾಕ್ ಮಾಡುವವಳು ಅವನ ಹೆಂಡತಿ ಖದೀಜ.

"ಕವರ್ ಸಮೇತ ತೂಗಿದ್ದಾ?" ಎಂದು ಖದೀಜಳನ್ನು ಕೇಳಿದೆ.

"ಮತ್ತೆಂತ ಪುರಂದರಣ್ಣ? ನೆಟ್ ಅಂದ್ರೆ ಬಲೆ ಅಲ್ವಾ? ಬಲೆ ಸಮೇತದ ತೂಕ ಅಂತ ನಾನು ಎಣಿಸಿದ್ದು."

"ದುಬೈಗೆ ಬಂದ್ರೂ ಇವಳ ದೋಣಿ ಇನ್ನೂ ಕಡಲಲ್ಲೇ ಉಂಟು ಮಾರಾಯ್ರೆ!" ಎಂದ ಜಲೀಲ್. ಆದರೆ ನಗಲಿಲ್ಲ. ಬೇಕೆಂದೇ ಮಾಡಿದ ಮೋಸ ಎಂದಾದರೆ ಅಂಗಡಿಗೇ ಬೀಗ ಬೀಳುತ್ತದೆಂಬ ಹೆದರಿಕೆ ಅವನಿಗೆ.

ಖದೀಜಳ ತರ್ಕದಲ್ಲಿ ನನಗೆ ತಪ್ಪೇ ಕಾಣುವುದಿಲ್ಲ. ಗ್ರಾಸ್ ಎಂದರೆ ಹುಲ್ಲು, ಕವರು ಸೇರಿದ ತೂಕವೂ ಗ್ರಾಸೇ. ಬಿ.ಎ.ಯಲ್ಲಿ ಕಲಿತದ್ದು ಅಷ್ಟೇ ನೆನಪು. ನನ್ನ ಹೆಂಡತಿ ವಾರಿಜ ತೀರಿಹೋದ ಮೇಲೆ ಇಂಥದ್ದನ್ನೆಲ್ಲ ಯಾರಲ್ಲಿ ಕೇಳುವುದು? "ನಿಮಗೆ ಬೇರೆ ಕೆಲಸ ಇಲ್ವಾ" ಎಂದು ಬೈದು, ಆಮೇಲೆ ತಾನೇ ಯೋಚಿಸುತ್ತ ಕೂರುತ್ತಿದ್ದಳು. ಮೊಮ್ಮಗಳು ಅಶ್ಮಿತಾ "ಜಸ್ಟ್ ಗೂಗಲ್ ಇಟ್, ಅಜ್ಜ" ಎಂದು ಬಾಗಿಲು ಹಾಕಿಕೊಂಡಳು.

ನಾಳೆ ತಪಾಸಣೆಯವರ ಆಫೀಸಿನಲ್ಲಿ ಅವರ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಬೇಕಾದವನು ನಾನು. 'ಚೀಟಿಂಗ್ ಅಲ್ಲ ಸರ್, ಇಗ್ನೊರೆನ್ಸ್' ಎನ್ನಲೇ? ಬೇಡ, ಖದೀಜ ದಡ್ಡಿಯಲ್ಲ, ಪಕ್ಕದಲ್ಲೇ ನಿಂತಿರುತ್ತಾಳೆ. 'ಇನ್ನೊಸೆಂಟ್' ಎಂದರೆ ನಿರಪರಾಧಿಯೋ, ಮುಗ್ಧೆಯೋ? ಬಲೆಯ ಮಾತನ್ನೇ ಹೇಳಿಬಿಡುವುದು ಒಳ್ಳೆಯದೇನೋ. ಆದರೆ ಆ ಸಾಹೇಬರ ಅರಬಿಯಲ್ಲಿ ಬಲೆಗೆ ಏನೆನ್ನುತ್ತಾರೋ, ಅದಕ್ಕೂ ತೂಕಕ್ಕೂ ಅಲ್ಲಿ ಏನಾದರೂ ನಂಟು ಇದೆಯೋ ಇಲ್ಲವೋ, ನಾಳೆ ಮೊದಲು ಅದನ್ನೇ ಕೇಳಬೇಕು.